ಕಿವಿಯ ತಕ್ಕಡಿ

ದಾವಣಗೆರೆ ವ್ಯಾಪಾರದ ಊರು. ಇಲ್ಲಿ ತೂಕ ಮೊದಲು, ಮಾತು ಆಮೇಲೆ. ಮಂಡಿಗೆ ಬಂದ ಮೆಕ್ಕೆಜೋಳದ ಚೀಲಕ್ಕೆ ಖರೀದಿದಾರ ಕೈ ಹಾಕುತ್ತಾನೆ. ಒಂದು ಹಿಡಿ ಹೊರತೆಗೆದು ಅಂಗೈ ಮೇಲೆ ಹರಡುತ್ತಾನೆ. ಒಂದೆರಡು ಕಾಳನ್ನು ಹಲ್ಲಿಗೆ ಕೊಟ್ಟು ಕಡಿದು ನೋಡುತ್ತಾನೆ. ಚೀಲದ ಹೊರಗೆ ಮೆತ್ತಿದ ಧೂಳು ಅವನ ಲೆಕ್ಕಕ್ಕೆ ಬರುವುದಿಲ್ಲ. ಒಳಗಿನ ಕಾಳು ಒಣಗಿದೆಯೋ, ಹಸಿಯೋ ಎಂಬುದಷ್ಟೇ ಅವನಿಗೆ ಬೇಕು.

ಇಂಥ ಊರುಗಳ ಹಳೆಯ ಮನೆಗಳಲ್ಲಿ ಧೂಳು ಮೆತ್ತಿದ ಇನ್ನೊಂದು ಸರಕು ಸಿಗುವುದುಂಟು. ಅಟ್ಟದ ಮೇಲೋ, ಟ್ರಂಕಿನ ತಳದಲ್ಲೋ ಬಿದ್ದಿರುವ ಕ್ಯಾಸೆಟ್ಟುಗಳು. ಜಾತ್ರೆಗೆ ಬಂದ ನಾಟಕ ಕಂಪನಿಯ ಟೆಂಟಿನಲ್ಲಿ, ಮುಂದಿನ ಸಾಲಿನಲ್ಲಿ ಕುಳಿತವರು ತೊಡೆಯ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಹಿಡಿದಿಟ್ಟ ಹಾಡುಗಳು. ಅದನ್ನು ಹಾಕಿದರೆ ಮೊದಲು ಕೇಳುವುದು ಬುಸ್ಸೆನ್ನುವ ಸದ್ದು. ಆಮೇಲೆ ಯಾರದೋ ಕೆಮ್ಮು, ಮಗುವಿನ ಅಳು, ಕುರ್ಚಿ ಎಳೆದ ಶಬ್ದ. ಇವೆಲ್ಲದರ ಹಿಂದೆ ಎಲ್ಲೋ ದೂರದಲ್ಲಿ ಒಂದು ಹಾರ್ಮೋನಿಯಂ, ಒಂದು ದನಿ. ಮನೆಯ ಹುಡುಗ 'ಏನು ತಾತ ಇದು, ಬರೀ ಗದ್ದಲ' ಎಂದು ಗುಂಡಿ ಒತ್ತಿ ನಿಲ್ಲಿಸುತ್ತಾನೆ. ತಾತ 'ಎಂಥಾ ಕಂಠ ಅಂತೀಯ' ಎಂದು ಕಣ್ಣೊರೆಸಿಕೊಳ್ಳುತ್ತಾರೆ.

ಇಬ್ಬರಲ್ಲಿ ಯಾರದು ಸರಿ? ಹುಡುಗ ಚೀಲದ ಧೂಳು ನೋಡಿ ಬೆಲೆ ಕಟ್ಟಿದ. ತಾತ ಚೀಲವನ್ನು ಬಿಚ್ಚಲೇ ಇಲ್ಲ, ತಮ್ಮ ನೆನಪಿಗೆ ಬೆಲೆ ಕಟ್ಟಿದರು. ಕಾಳನ್ನು ಕಡಿದು ನೋಡುವ ಕೆಲಸ ಹಾಗೇ ಉಳಿಯಿತು. ಆ ಕೆಲಸ ಕಲಿಯಲು ದಾವಣಗೆರೆ ಮತ್ತು ಅದರ ನೆರೆಯ ಹರಿಹರಕ್ಕಿಂತ ಒಳ್ಳೆಯ ಶಾಲೆ ಸಿಗುವುದು ಕಷ್ಟ.

ದೋಸೆಯ ಎದುರಿಗೆ ನಾಟಕ

ದಾವಣಗೆರೆ ಎಂದೊಡನೆ ನೆನಪಾಗುವುದು ಬೆಣ್ಣೆ ದೋಸೆ. ಆ ದೋಸೆಗೂ ನಾಟಕಕ್ಕೂ ನಂಟು ಉಂಟು. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬಾಕೆ ವಸಂತ ಟಾಕೀಸಿನ ಹತ್ತಿರ, ಸವಳಗಿ ನಾಟಕ ಥಿಯೇಟರಿನ ಎದುರು ದೋಸೆ ಹುಯ್ಯತೊಡಗಿದರು ಎಂಬುದು ಊರಿನವರು ಹೇಳುವ ಕಥೆ. ಆಗ ಅದು ರಾಗಿ ದೋಸೆ. ಅಕ್ಕಿ, ಬೆಣ್ಣೆ ಸೇರಿ ಈಗಿನ ರೂಪಕ್ಕೆ ಬಂದದ್ದು ಆಮೇಲೆ. ನಾಟಕ ನೋಡಲು ಬಂದವರ ಹಸಿವೇ ಊರಿನ ಹೆಸರನ್ನು ನಾಡಿಗೆಲ್ಲ ಮುಟ್ಟಿಸಿತು ಎಂದರೆ ತಪ್ಪಾಗಲಾರದು.

ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಈ ಊರಿಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಬಿರುದು ಇತ್ತು. ಗಿರಣಿಯ ಕೆಲಸಗಾರರು, ಮಂಡಿಯ ಹಮಾಲರು, ಸಂತೆಗೆ ಬಂದ ರೈತರು ಇರುವಲ್ಲಿ ನಾಟಕಕ್ಕೆ ಜನರ ಕೊರತೆಯಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ದುರ್ಗಾಂಬಿಕಾ ಜಾತ್ರೆಯೆಂದರೆ ಕಂಪನಿಗಳಿಗೆ ಸುಗ್ಗಿ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ಈ ಊರಿನದೇ. ಅವರ ಮಗಳು ಚಿಂದೋಡಿ ಲೀಲಾ 'ಹಳ್ಳಿ ಹುಡುಗಿ', 'ಪೊಲೀಸನ ಮಗಳು' ಮುಂತಾದ ನಾಟಕಗಳಿಂದ ನಾಡಿನ ಮನೆಮಾತಾದರು. 1988ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2010ರ ಜನವರಿಯಲ್ಲಿ ಅವರು ತೀರಿಕೊಂಡರು. ವೃತ್ತಿ ರಂಗಭೂಮಿಗಾಗಿಯೇ ಒಂದು ರಂಗಾಯಣವನ್ನು ಸರ್ಕಾರ ದಾವಣಗೆರೆಗೆ ಕೊಟ್ಟಿರುವುದು ಸುಮ್ಮನೆ ಅಲ್ಲ.

ಇದೇ ಚಿಂದೋಡಿ ಮನೆತನದ ಬಂಗಾರೇಶ್ ನಿರ್ದೇಶಿಸಿದ ಚಿತ್ರ 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರಿ ಗವಾಯಿ'. ಆ ಚಿತ್ರಕ್ಕಾಗಿ 1995ನೇ ಸಾಲಿನ ರಾಷ್ಟ್ರಪ್ರಶಸ್ತಿ ಸಂಗೀತ ನಿರ್ದೇಶನಕ್ಕೆ ಹಂಸಲೇಖ ಅವರಿಗೆ, ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಸಂದಿತು. ಅದು ಸ್ಟುಡಿಯೋದ ಹಾಡು. ತಪ್ಪಿದರೆ ಮತ್ತೆ ಹಾಡಬಹುದು, ಬೇಡದ್ದನ್ನು ಕತ್ತರಿಸಬಹುದು, ಹೊರಗಿನ ಸದ್ದು ಒಳಗೆ ಬರುವಂತಿಲ್ಲ. ಅದೇ ಮನೆತನದವರು ವರ್ಷಗಟ್ಟಲೆ ಟೆಂಟಿನಲ್ಲಿ ಹಾಡಿಸಿದ್ದು ಇನ್ನೊಂದು ಬಗೆಯ ಹಾಡು. ಅಲ್ಲಿ ಬಾಣ ಬಿಟ್ಟ ಮೇಲೆ ಮುಗಿಯಿತು, ವಾಪಸು ಬರುವುದಿಲ್ಲ. ಇವೆರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಹುದೇ?

ಇಟಲಿಯವರ ಟೆಂಟು

ಈ ಪ್ರಶ್ನೆಯನ್ನು ಬಹಳ ದಿನಗಳಿಂದ ಚರ್ಚಿಸುತ್ತ ಬಂದವರು ಯುರೋಪಿನ ಆಪೆರಾ ರಸಿಕರು. ಆಪೆರಾ ಎಂದರೆ ಸಂಗೀತ ನಾಟಕ. ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಇಟಲಿಯಲ್ಲಿ ರೊಸ್ಸಿನಿ, ಬೆಲ್ಲಿನಿ, ದೊನಿಜೆಟ್ಟಿ ಎಂಬ ಮೂವರು ಬರೆದ ಆಪೆರಾಗಳನ್ನು 'ಬೆಲ್ ಕಾಂಟೊ' ಎನ್ನುತ್ತಾರೆ. ಆ ಮಾತಿನ ಅರ್ಥ ಚೆಂದದ ಹಾಡುಗಾರಿಕೆ. ಉದ್ದನೆಯ ಉಸಿರು, ಸ್ವರದಿಂದ ಸ್ವರಕ್ಕೆ ಎಣ್ಣೆ ಸುರಿದಂಥ ಜಾರು, ನಮ್ಮ ತಾನುಗಳಂತೆ ಓಡುವ ಸ್ವರಮಾಲೆ, ಒಂದೇ ಸ್ವರವನ್ನು ಮೆಲ್ಲಗೆ ಶುರುಮಾಡಿ ಉಬ್ಬಿಸಿ ಮತ್ತೆ ಇಳಿಸುವ ಕಸಬು ಇವೆಲ್ಲ ಅದರ ಲಕ್ಷಣ. ಹಾಡು ಸಾಮಾನ್ಯವಾಗಿ ನಿಧಾನದ ಭಾಗದಿಂದ ಹೊರಟು ಚುರುಕಿನ ಭಾಗಕ್ಕೆ ಬರುತ್ತದೆ. ಚುರುಕಿನ ಭಾಗವನ್ನು ಎರಡು ಸಲ ಹಾಡಬೇಕು. ಎರಡನೆಯ ಸಲ ಗಾಯಕಿ ತನ್ನ ಮನೋಧರ್ಮದಂತೆ ಅಲಂಕಾರ ಸೇರಿಸಬೇಕು. ಬರೆದದ್ದನ್ನು ಬರೆದ ಹಾಗೆ ಒಪ್ಪಿಸಿದರೆ ರಸಿಕರು ಮೂಗು ಮುರಿಯುತ್ತಾರೆ. ಕಂಪನಿ ನಾಟಕ ಕಂಡವರಿಗೆ ಇದು ಪರದೇಶದ ಮಾತಾಗಿ ಕೇಳುವುದಿಲ್ಲ.

ದೊನಿಜೆಟ್ಟಿಯ 'ಲೂಚಿಯಾ ದಿ ಲಾಮ್ಮೆರ್‌ಮೂರ್' 1835ರಲ್ಲಿ ನೇಪಲ್ಸ್‌ನಲ್ಲಿ ಮೊದಲು ರಂಗಕ್ಕೆ ಬಂತು. ಕಥೆಯೂ ನಮ್ಮ ಟೆಂಟಿಗೆ ಹೇಳಿ ಮಾಡಿಸಿದಂತಿದೆ. ವೈರಿಮನೆತನದ ಯುವಕನನ್ನು ಪ್ರೀತಿಸಿದ ತಂಗಿಗೆ ಅಣ್ಣ ಮೋಸಮಾಡಿ ಬೇರೆ ಮದುವೆ ಮಾಡಿಸುತ್ತಾನೆ. ಮದುವೆಯ ರಾತ್ರಿಯೇ ಆಕೆ ಗಂಡನನ್ನು ಇರಿದು ಕೊಂದು, ಹುಚ್ಚಿಯಾಗಿ, ರಕ್ತದ ಕಲೆಯ ಉಡುಪಿನಲ್ಲಿ ಅತಿಥಿಗಳ ನಡುವೆ ಬಂದು ಹಾಡುತ್ತಾಳೆ. ಈ ಪಾತ್ರದಲ್ಲಿ ಹೆಸರು ಮಾಡಿದವರು ಮರಿಯಾ ಕಲಾಸ್. ಅವರ ಲೂಚಿಯಾ 1953ರಲ್ಲಿ ಸ್ಟುಡಿಯೋದಲ್ಲಿ ಮುದ್ರಣಗೊಂಡಿತು. 1955ರ ಸೆಪ್ಟೆಂಬರ್ 29ರಂದು ಬರ್ಲಿನ್‌ನಲ್ಲಿ ಕಾರಾಯಾನ್ ನಿರ್ದೇಶನದಲ್ಲಿ ನಡೆದ ಪ್ರದರ್ಶನ ನೇರವಾಗಿ ಧ್ವನಿಮುದ್ರಣಗೊಂಡಿತು. ಗಾಯಕಿ ಒಬ್ಬರೇ, ಪಾತ್ರವೂ ಒಂದೇ. ಒಂದು ಕೋಣೆಯ ಹಾಡು, ಇನ್ನೊಂದು ಜನರೆದುರಿನ ಹಾಡು. ಬರ್ಲಿನ್ನಿನದು ಮೊದಲು ಅನಧಿಕೃತ ಪ್ರತಿಗಳಾಗಿ ಕೈಯಿಂದ ಕೈಗೆ ದಾಟಿ, ಬಹಳ ಕಾಲದ ಮೇಲೆ ಕಂಪನಿಯ ಮುದ್ರೆ ಹೊತ್ತು ಅಂಗಡಿಗೆ ಬಂತು. ಸದ್ದು ಅಷ್ಟು ನಿರ್ಮಲವಲ್ಲ. ಆದರೂ ಅನೇಕ ರಸಿಕರು ಇಂದಿಗೂ ಮೊದಲು ಕೈಗೆತ್ತಿಕೊಳ್ಳುವುದು ಅದನ್ನೇ. ಅವರು ಧೂಳನ್ನು ಕೊಡವಿ ಕಾಳು ಕಡಿದು ನೋಡಿದ್ದಾರೆ.

ಹೇಗೆ ನೋಡಿದರು? ಅವರ ವಿಧಾನವನ್ನು ನಮ್ಮ ಟೆಂಟಿನ ಕ್ಯಾಸೆಟ್ಟಿಗೆ ಒಗ್ಗಿಸಿಕೊಳ್ಳಬಹುದು. ಕಾಲೇಜಿನ ಹುಡುಗರು ಒಂದು ಭಾನುವಾರ ಕುಳಿತು ಮಾಡಬಹುದಾದ ಕೆಲಸ ಅದು.

ಮೊದಲು ಶ್ರುತಿ ಸಾಕ್ಷಿ

ಹಾಡುಗಾರ್ತಿಯ ಕಂಠದ ಬಗ್ಗೆ ತೀರ್ಪು ಕೊಡುವ ಮೊದಲು ಟೇಪು ಸರಿಯಾದ ವೇಗದಲ್ಲಿ ಓಡುತ್ತಿದೆಯೇ ಎಂದು ನೋಡಬೇಕು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕೆಂಬುದು ನಿಯಮ. ಟೆಂಟಿನಲ್ಲಿ ಬ್ಯಾಟರಿ ಕುಗ್ಗುತ್ತ ಬಂದರೆ ಟೇಪು ನಿಧಾನವಾಗಿ ಓಡಿರುತ್ತದೆ. ಅದನ್ನು ಮನೆಯಲ್ಲಿ ಸರಿಯಾದ ವೇಗದಲ್ಲಿ ಹಾಕಿದಾಗ ಎಲ್ಲವೂ ಚುರುಕಾಗಿ, ಎತ್ತರವಾಗಿ ಕೇಳುತ್ತದೆ. ವೇಗ ನೂರಕ್ಕೆ ಆರರಷ್ಟು ಹೆಚ್ಚಾದರೆ ಸಾಕು, ಶ್ರುತಿ ಹಾರ್ಮೋನಿಯಮ್ಮಿನ ಒಂದು ಮನೆ ಮೇಲೇರಿಬಿಡುತ್ತದೆ. ಕೇಳಿದವರು 'ಅಬ್ಬಾ, ಎಷ್ಟು ಎತ್ತರದ ದನಿ' ಎಂದು ಮೆಚ್ಚುವುದು ಗಾಯಕಿಯನ್ನಲ್ಲ, ಸತ್ತ ಬ್ಯಾಟರಿಯನ್ನು!

ಇದಕ್ಕೆ ಮೂರು ಸಾಕ್ಷಿ ಕೇಳಬಹುದು. ಒಂದು, ಹಾರ್ಮೋನಿಯಂ. ಅದರ ಪೀಪಿಗಳು ಹಾಡಿನ ನಡುವೆ ಬದಲಾಗುವುದಿಲ್ಲ. ಕ್ಯಾಸೆಟ್ಟಿನ ಆಧಾರ ಸ್ವರ ಕಪ್ಪು ಎರಡಕ್ಕೂ ಕೂಡದೆ, ಪಕ್ಕದ ಬಿಳಿಗೂ ಕೂಡದೆ ನಡುವೆ ನಿಂತಿದ್ದರೆ ವೇಗದ ಬಗ್ಗೆ ಅನುಮಾನ ಪಡಬೇಕು. ಎರಡು, ಧ್ವನಿವರ್ಧಕದ ಗುಂಯ್ ಎಂಬ ಸದ್ದು. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಮೊಬೈಲಿನ ಆ್ಯಪ್ ಒಂದರಲ್ಲಿ ಅಳೆದಾಗ ಆ ಗುಂಯ್‌ಗುಡುವಿಕೆ 53ರ ಹತ್ತಿರ ಬಂದರೆ ಟೇಪು ಓಡುತ್ತಿದೆ ಎಂದರ್ಥ. ಆದರೆ ಆಗಿನ ವಿದ್ಯುತ್ತು 50ಕ್ಕಿಂತ ಕೆಳಗೆ ಇಳಿಯುವುದೂ ಇತ್ತು, ಜನರೇಟರಿನ ಮಾತಂತೂ ಬೇರೆಯೇ. ಆದ್ದರಿಂದ ಇದೊಂದನ್ನೇ ನಂಬುವಂತಿಲ್ಲ. ಮೂರನೆಯದು ಎಲ್ಲಕ್ಕಿಂತ ಸುಲಭ. ಹಾಡಿಗೆ ಮುಂಚಿನ ಮಾತು ಕೇಳುವುದು. ಖಳನಾಯಕನ ಗುಡುಗು ಹುಡುಗನ ದನಿಯಂತೆ ಕೇಳಿದರೆ ಬೇರೆ ಪರೀಕ್ಷೆ ಬೇಡ.

ಆಪೆರಾದಲ್ಲೂ ಇದೇ ತಗಾದೆ ಉಂಟು. ಲೂಚಿಯಾಳ ಹುಚ್ಚಿನ ದೃಶ್ಯವನ್ನು ದೊನಿಜೆಟ್ಟಿ ಬರೆದದ್ದು ಎಫ್ ಶ್ರುತಿಯಲ್ಲಿ. ಹಾಡುವವರು ರೂಢಿಯಲ್ಲಿ ಅದನ್ನು ಎರಡು ಮನೆ ಇಳಿಸಿ ಹಾಡುತ್ತಾರೆ. ಹಳೆಯ ಟೇಪೊಂದರಲ್ಲಿ ಅದು ಎಫ್‌ನಲ್ಲಿ ಕೇಳಿದರೆ ಗಾಯಕಿ ಧೈರ್ಯ ಮಾಡಿ ಮೂಲ ಶ್ರುತಿಯಲ್ಲೇ ಹಾಡಿದಳೋ, ಇಲ್ಲ ಯಂತ್ರ ಮುಂದೆ ಓಡಿತೋ ಎಂದು ಮೊದಲು ತೀರ್ಮಾನವಾಗಬೇಕು.

ಮೈಕು ಎಲ್ಲಿತ್ತು?

ಎರಡನೆಯ ಪ್ರಶ್ನೆ ಇದು. ಹಾರ್ಮೋನಿಯಂ ಮಾಸ್ತರರ ಪಕ್ಕದಲ್ಲೇ ರೆಕಾರ್ಡರ್ ಇದ್ದರೆ ಪೆಟ್ಟಿಗೆಯ ಸದ್ದು ಕಿವಿ ಕಚ್ಚುತ್ತದೆ, ಹಾಡು ಹಿಂದೆ ಸರಿಯುತ್ತದೆ. ಅದು ಗಾಯಕಿಯ ಬಡತನವಲ್ಲ, ರೆಕಾರ್ಡರ್ ಹಿಡಿದವನು ಆರಿಸಿದ ಜಾಗ. ನಡುವೆ ದನಿ ತಟ್ಟನೆ ಕುಗ್ಗಿದರೆ ಹಾರ್ಮೋನಿಯಂ ಏನಾಯಿತು ಎಂದು ಗಮನಿಸಬೇಕು. ಹಾರ್ಮೋನಿಯಂ ಹಾಗೆಯೇ ಇದ್ದು ದನಿ ಮಾತ್ರ ಕುಗ್ಗಿದ್ದರೆ ಆಕೆ ಮೈಕಿನಿಂದ ತಿರುಗಿದ್ದಾಳೆ, ಬಹುಶಃ ನಾಯಕನ ಕಡೆಗೆ. ಎರಡೂ ಕುಗ್ಗಿದ್ದರೆ ಟೇಪಿನದೇ ದೋಷ.

ಇನ್ನೊಂದು ಸೂಕ್ಷ್ಮ ಉಂಟು. ಮನೆಬಳಕೆಯ ರೆಕಾರ್ಡರುಗಳಲ್ಲಿ ಸದ್ದಿನ ಮಟ್ಟವನ್ನು ತಾನಾಗಿಯೇ ಹೊಂದಿಸುವ ಏರ್ಪಾಡು ಇರುತ್ತಿತ್ತು. ಜೋರಿನ ಸದ್ದನ್ನು ಅದು ಅದುಮುತ್ತದೆ, ಮೆಲುದನಿಯನ್ನು ಎತ್ತುತ್ತದೆ. ಹೀಗಾಗಿ ಪಿಸುಮಾತಿನಿಂದ ಆರ್ಭಟದವರೆಗೆ ದನಿ ಏರಿದ್ದು ಟೇಪಿನಲ್ಲಿ ಒಂದೇ ಸಮತಟ್ಟಾಗಿ ಕೇಳುತ್ತದೆ. 'ಏರಿಳಿತವೇ ಇಲ್ಲ' ಎಂದು ಷರಾ ಬರೆಯುವ ಮೊದಲು ಹಿನ್ನೆಲೆಯ ಜನರನ್ನು ಕೇಳಬೇಕು. ಒಂದು ಸಾಲಿನಲ್ಲಿ ಇದ್ದಕ್ಕಿದ್ದಂತೆ ಕೆಮ್ಮು, ಪಿಸುಮಾತು, ಪೆಟ್ರೊಮ್ಯಾಕ್ಸಿನ ಭುಸುಗುಡುವಿಕೆ ಜೋರಾದರೆ ಆ ಗಳಿಗೆಯಲ್ಲಿ ಗಾಯಕಿ ನಿಜವಾಗಿಯೂ ದನಿ ಇಳಿಸಿದ್ದಾಳೆ, ಯಂತ್ರ ಸುತ್ತಲಿನದನ್ನೆಲ್ಲ ಮೇಲೆತ್ತಿದೆ. ಅಂದರೆ ಗದ್ದಲವೇ ಗಾಯಕಿಯ ಪರವಾಗಿ ಸಾಕ್ಷಿ ನುಡಿಯುತ್ತದೆ. ಗದ್ದಲವನ್ನು ಕಂಪ್ಯೂಟರಿನಲ್ಲಿ ಒರೆಸಿಹಾಕಿದವರು ಈ ಸಾಕ್ಷಿಯನ್ನೂ ಒರೆಸಿಹಾಕಿರುತ್ತಾರೆ.

ವನ್ಸ್ ಮೋರ್

ಮೂರನೆಯದು ಉಸಿರು. ಸ್ಟುಡಿಯೋದಲ್ಲಿ ಹಾಡು ಒಂಟಿ. ಟೆಂಟಿನಲ್ಲಿ ಅದು ಮೂರು ಗಂಟೆಯ ನಾಟಕದ ಒಂದು ತುಂಡು. ಆಕೆ ಅಷ್ಟು ಹೊತ್ತು ಕೂಗಿ ಮಾತಾಡಿದ್ದಾಳೆ, ಅತ್ತಿದ್ದಾಳೆ, ಉಡುಪು ಬದಲಿಸಲು ಓಡಿದ್ದಾಳೆ. ಜಾತ್ರೆಯ ದಿನವಾದರೆ ಅದು ಎರಡನೆಯ ಆಟವೂ ಇರಬಹುದು. ಮೊದಲ ಅಂಕದ ಹಾಡಿನಲ್ಲಿ ಒಂದೇ ಉಸಿರಿನಲ್ಲಿ ಮುಗಿದ ಸಾಲು ಕೊನೆಯ ಅಂಕದಲ್ಲಿ ಎರಡಾಗಿ ಮುರಿದರೆ ಅದು ದಣಿವು. ಆದರೆ ಮುರಿದದ್ದು ಎಲ್ಲಿ ಎಂಬುದನ್ನು ನೋಡಬೇಕು. ಪದದ ನಡುವೆ ಮುರಿದರೆ ಕಸುಬಿನ ಕೊರತೆ. ಅರ್ಥ ಕೆಡದ ಜಾಗ ಹುಡುಕಿ ಮುರಿದರೆ ದಣಿವಿನಲ್ಲೂ ಕೆಡದ ಕಸುಬು. ಬಿಡಿ ಹಾಡು ಕೇಳಿ ಬೆಲೆ ಕಟ್ಟಬಾರದು ಎನ್ನುವುದು ಇದಕ್ಕೇ. ದುರದೃಷ್ಟಕ್ಕೆ ಆಗಿನ ಸಾಮಾನ್ಯ ಕ್ಯಾಸೆಟ್ಟು ಒಂದು ಮಗ್ಗುಲಿಗೆ 30 ಅಥವಾ 45 ನಿಮಿಷ ಮಾತ್ರ. ಮಗ್ಗುಲು ತಿರುಗಿಸುವಷ್ಟರಲ್ಲಿ ಎಷ್ಟೋ ಹಾಡುಗಳು ಅರ್ಧಕ್ಕೇ ಕತ್ತರಿಸಿಹೋಗಿವೆ. ಅದಕ್ಕೂ ಹಿಂದಿನ ಗ್ರಾಮಫೋನ್ ತಟ್ಟೆಯ ಕಥೆ ಇನ್ನೂ ಬಿಗಿ. ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಟೆಂಟಿನಲ್ಲಿ ಕಾಲು ಗಂಟೆ ಬೆಳೆಯುತ್ತಿದ್ದ ಹಾಡು ಅದರೊಳಗೆ ಮುದುಡಿ ಕೂರಬೇಕಿತ್ತು. ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿದ್ದು ಮುಂದೆ ಗಾಯನಲೋಕದ ಶಿಖರವೇರಿದ ಮಲ್ಲಿಕಾರ್ಜುನ ಮನಸೂರರಂಥವರನ್ನೂ ತಟ್ಟೆಯ ಮಿತಿ ಬಿಡಲಿಲ್ಲ.

ನಾಲ್ಕನೆಯದು ಜನರ ಪ್ರತಿಕ್ರಿಯೆ. ಎಲ್ಲ ಚಪ್ಪಾಳೆಯೂ ಒಂದೇ ಅಲ್ಲ. ಹಾಡು ಶುರುವಾಗುವ ಮುನ್ನವೇ ಬಿದ್ದ ಶಿಳ್ಳೆ ನಟಿಯ ಹೆಸರಿಗೆ, ಉಡುಪಿಗೆ ಬಿದ್ದದ್ದು. ಕೊನೆಯ ಎತ್ತರದ ಸ್ವರಕ್ಕೆ ಬಿದ್ದದ್ದು ಸಾಹಸಕ್ಕೆ. ಹಾಡಿನ ನಡುವೆ, ಒಂದು ಮಾತು ಎದೆಗೆ ತಾಗಿದ ಜಾಗದಲ್ಲಿ, ಯಾರೋ ನಾಲ್ಕು ಜನ ಮೆಲ್ಲಗೆ 'ಆಹಾ' ಎಂದದ್ದು ಹಾಡಿಗೆ. ಯುರೋಪಿನ ರಂಗಮಂದಿರಗಳಲ್ಲಿ ಕೂಲಿಗೆ ಚಪ್ಪಾಳೆ ತಟ್ಟುವ ತಂಡಗಳೇ ಇದ್ದವು. ಆದ್ದರಿಂದ ಅಲ್ಲಿನ ರಸಿಕರು ಚಪ್ಪಾಳೆಯ ಗಾತ್ರವನ್ನು ನಂಬುವುದಿಲ್ಲ, ಅದು ಬಿದ್ದ ಜಾಗವನ್ನು ನೋಡುತ್ತಾರೆ.

ಇನ್ನು 'ವನ್ಸ್ ಮೋರ್'. ಬರ್ಲಿನ್ನಿನ ಆ ರಾತ್ರಿ ಮದುವೆಯ ದೃಶ್ಯದಲ್ಲಿ ಆರು ಪಾತ್ರಗಳು ಒಟ್ಟಾಗಿ ಹಾಡುವ ಭಾಗ ಮುಗಿದಾಗ ಜನರ ಆರ್ಭಟ ನಿಲ್ಲಲೇ ಇಲ್ಲ. ಕಾರಾಯಾನ್‌ರಂಥ ಶಿಸ್ತಿನ ಮನುಷ್ಯರೂ ಅದನ್ನು ಮತ್ತೊಮ್ಮೆ ಹಾಡಿಸಬೇಕಾಯಿತು. ಧ್ವನಿಮುದ್ರಣದಲ್ಲಿ ಎರಡೂ ಸಲದ್ದು ಉಳಿದಿದೆ. ದಾವಣಗೆರೆಯ ಪ್ರೇಕ್ಷಕನಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಸತ್ತು ಬಿದ್ದ ನಾಯಕ ವನ್ಸ್ ಮೋರ್ ಕೂಗಿಗೆ ಎದ್ದು ಹಾಡಿ ಮತ್ತೆ ಸತ್ತ ಎಂಬ ತಮಾಷೆ ಕಂಪನಿ ನಾಟಕದ ಊರುಗಳಲ್ಲೆಲ್ಲ ಉಂಟು. ವಿದ್ಯಾರ್ಥಿಗೆ ಇದೊಂದು ಚಿನ್ನದ ಗಣಿ. ಅದೇ ಗಾಯಕಿ, ಅದೇ ರಾತ್ರಿ, ಅದೇ ಮೈಕು, ಅದೇ ಹಾಡು ಎರಡು ಸಲ ಸಿಕ್ಕಿದೆ. ಎರಡನೆಯದು ಮೊದಲಿನದರ ನಕಲಾಗಿದ್ದರೆ ಆಕೆ ಚೆನ್ನಾಗಿ ಪಾಠ ಒಪ್ಪಿಸಿದ್ದಾಳೆ. ಒಂದು ತಿರುವು ಹೊಸದಾಗಿದ್ದು ಅದು ಪಾತ್ರದ ದುಃಖವನ್ನು ಇನ್ನಷ್ಟು ತೋರಿಸಿದ್ದರೆ ಕಲಾವಿದೆ. ಹೊಸ ತಿರುವು ಬರೀ ಶಿಳ್ಳೆಗಾಗಿ ಬಂದಿದ್ದರೆ ಅದನ್ನೂ ಬರೆದಿಡಬೇಕು. ಅಭಿಮಾನ ಬೇರೆ, ತೀರ್ಪು ಬೇರೆ.

ಸೇತುವೆಯ ಎರಡು ಮಗ್ಗುಲು

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಬಸ್ಸುಗಳು ಸಾಕಷ್ಟು, ರೈಲೂ ಉಂಟು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹಳಿ ಎರಡೂ ಊರುಗಳನ್ನು ಹಾದು, ಹರಿಹರದಲ್ಲಿ ತುಂಗಭದ್ರೆಯನ್ನು ದಾಟುತ್ತದೆ. 1956ರ ನವೆಂಬರ್ 1ರವರೆಗೆ ಈ ಹೊಳೆ ಎರಡು ರಾಜ್ಯಗಳ ಗಡಿ. ಈಚೆ ದಂಡೆ ಮೈಸೂರು, ಆಚೆ ದಂಡೆ ಮುಂಬಯಿ. ನಾಟಕ ಕಂಪನಿಗಳು ಮಾತ್ರ ಪರದೆ, ಪೆಟ್ಟಿಗೆ ಹೇರಿಕೊಂಡು ಎರಡೂ ಕಡೆ ಓಡಾಡುತ್ತಿದ್ದವು.

ಸ್ಥೂಲವಾಗಿ ಹೇಳುವುದಾದರೆ ಮೈಸೂರು ಕಡೆಯ ಕಂಪನಿಗಳ ಹಾಡುಗಳು ಕರ್ನಾಟಕ ಸಂಗೀತದ ನೆಲದಲ್ಲಿ ಬೆಳೆದವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಇದಕ್ಕೆ ದೊಡ್ಡ ಹೆಸರು. ಹೊಳೆಯಾಚೆಯ ಕಂಪನಿಗಳು ಹಿಂದೂಸ್ತಾನಿ ರಾಗಗಳನ್ನು, ಮರಾಠಿ ಸಂಗೀತ ನಾಟಕದ ಮಟ್ಟುಗಳನ್ನು ಒಲಿಸಿಕೊಂಡವು. ಮರಾಠಿಯಲ್ಲಿ ಆ ಪ್ರಕಾರಕ್ಕೆ ಅಡಿಪಾಯ ಹಾಕಿದ 'ಸಂಗೀತ ಶಾಕುಂತಲ' 1880ರಲ್ಲಿ ಪುಣೆಯಲ್ಲಿ ಪ್ರದರ್ಶನಗೊಂಡಿತು. ಅದನ್ನು ಬರೆದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕಿರ್ಲೋಸ್ಕರ್ ಎಂದೊಡನೆ ಹರಿಹರದವರಿಗೆ ನೆನಪಾಗುವುದು ನಾಟಕವಲ್ಲ, ಲೇತ್ ಯಂತ್ರ. 1941ರಲ್ಲಿ ಇಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಊರಿಗೆ ಅನ್ನ ಕೊಟ್ಟು ಈಗ ಮುಚ್ಚಿಹೋಗಿದೆ. ಆ ಉದ್ಯಮ ಮನೆತನದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದೂ ಅದೇ ಗುರ್ಲಹೊಸೂರಿನಲ್ಲಿ, 1869ರಲ್ಲಿ. ಒಂದೇ ಊರಿನ ಒಂದೇ ಹೆಸರು, ಒಂದು ಕಡೆ ಹಾಡಾಯಿತು, ಇನ್ನೊಂದು ಕಡೆ ಕಬ್ಬಿಣವಾಯಿತು.

ಕ್ಯಾಸೆಟ್ಟಿನ ತೀರ್ಪುಗಾರನಿಗೆ ಇದರಿಂದ ಸಿಗುವ ಪಾಠ ದೊಡ್ಡದು. ಆಚೆ ದಂಡೆಯ ಹಾಡಿನಲ್ಲಿ ಕರ್ನಾಟಕ ಶೈಲಿಯ ಗಮಕ ಹುಡುಕಿ 'ಇಲ್ಲ' ಎಂದು ಅಂಕ ಕಳೆಯುವುದು ಅನ್ಯಾಯ. ಈಚೆ ದಂಡೆಯ ಹಾಡಿಗೆ ತಾನಿನ ಓಟ ಸಾಲದು ಎನ್ನುವುದೂ ಅಷ್ಟೇ ಅನ್ಯಾಯ. ಹಾಡು ಯಾವ ದಂಡೆಯದು ಎಂದು ಕೇಳಿ ಆಮೇಲೆ ತಕ್ಕಡಿ ಹಿಡಿಯಬೇಕು. ಎರಡೂ ದಂಡೆಯ ನೀರು ಕುಡಿದವರೂ ಉಂಟು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು ಎರಡೂ ಪದ್ಧತಿಗಳಲ್ಲಿ ಹಾಡುತ್ತಿದ್ದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ನಾಟಕ ಕಂಪನಿಯನ್ನೂ ನಡೆಸಿದರು.

ಹರಿಹರದ ದೇವರೇ ಈ ಮಾತಿಗೆ ಮೂರ್ತಿಯಾಗಿ ನಿಂತಿದ್ದಾನೆ. ಹರಿಹರೇಶ್ವರ ಗುಡಿಯ ವಿಗ್ರಹದಲ್ಲಿ ದೇವರ ಬಲಭಾಗ ಹರ, ಎಡಭಾಗ ಹರಿ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ ಇದು. ಮಂಟಪದಲ್ಲಿ ಚರಕಿಗೆ ಕೊಟ್ಟು ಕಡೆದಂಥ ಕಲ್ಲುಕಂಬಗಳಿವೆ. ಲೇತ್ ಕಾರ್ಖಾನೆ ಬರುವುದಕ್ಕೆ ಏಳು ಶತಮಾನ ಮೊದಲೇ ಈ ಊರಿನಲ್ಲಿ ಕಡೆತದ ಕೆಲಸ ಇತ್ತು ಎಂದು ಮಕ್ಕಳಿಗೆ ತೋರಿಸಬಹುದು.

ಕಲ್ಲು, ಬಟ್ಟೆ, ದನಿ

ಗುಡಿಯಲ್ಲಿ ಜನ ಕಡಿಮೆ ಇರುವ ಹೊತ್ತು ನೋಡಿ, ಪೂಜೆಗೆ ತೊಂದರೆಯಾಗದಂತೆ, ಮಂಟಪದಲ್ಲಿ ಒಂದು ಸಲ ಮೆಲ್ಲಗೆ ಕೈ ತಟ್ಟಿ ಕೇಳಬೇಕು. ಸದ್ದು ಕಂಬದಿಂದ ಕಂಬಕ್ಕೆ ತಾಗಿ ಒಂದು ಗಳಿಗೆ ನಿಲ್ಲುತ್ತದೆ. ಅಲ್ಲಿಂದ ಹೊಳೆ ದಂಡೆಗೆ ನಡೆದು ಅದೇ ಚಪ್ಪಾಳೆ ತಟ್ಟಿದರೆ ಸದ್ದು ಹುಟ್ಟಿದಲ್ಲೇ ಸಾಯುತ್ತದೆ. ಕಲ್ಲು ಸದ್ದನ್ನು ಹಿಂತಿರುಗಿಸುತ್ತದೆ. ಬಯಲು ಅದನ್ನು ಬಿಟ್ಟುಕೊಡುತ್ತದೆ. ಟೆಂಟಿನ ಬಟ್ಟೆ, ನೆಲದ ಮಣ್ಣು, ಒತ್ತಾಗಿ ಕುಳಿತ ಜನರ ಮೈ ಇವು ಸದ್ದನ್ನು ಕುಡಿಯುತ್ತವೆ. ಹೀಗಾಗಿ ಟೆಂಟಿನ ಗಾಯಕಿಗೆ ಗೋಡೆಯ ಸಹಾಯವಿಲ್ಲ. ಮೈಕು ಬರುವ ಮೊದಲಿನ ಕಾಲದಲ್ಲಿ ಎತ್ತರದ ಶ್ರುತಿ ಹಿಡಿದು, ಸ್ವರವನ್ನು ಮುಂದಕ್ಕೆ ಎಸೆದು, ಒತ್ತಕ್ಷರಗಳನ್ನು ಒಡೆದು ಹೇಳಿದರಷ್ಟೇ ಕೊನೆಯ ಸಾಲಿಗೆ ಪದ ಮುಟ್ಟುತ್ತಿತ್ತು. ಮಿಲಾನಿನಲ್ಲಿ 1778ರಲ್ಲಿ ತೆರೆದ ಲಾ ಸ್ಕಾಲಾದಂಥ ಮಂದಿರಗಳಲ್ಲಿ ಇಂದಿಗೂ ಗಾಯಕರು ಮೈಕಿಲ್ಲದೆ ಹಾಡುತ್ತಾರೆ. ಆದರೆ ಅವರಿಗೆ ಕುದುರೆ ಲಾಳದಾಕಾರದ ಕಟ್ಟಡ ಒತ್ತಾಸೆಯಾಗಿ ನಿಂತಿದೆ.

ಇದನ್ನು ತಿಳಿದವರು ಟೆಂಟಿನ ಹಳೆಯ ದನಿಯನ್ನು 'ಕಿರುಚು' ಎಂದು ತಳ್ಳಿಹಾಕುವುದಿಲ್ಲ. ಇಂದಿನ ಹಾಡುಗಾರರು ಮೈಕನ್ನು ತುಟಿಗೆ ಹಚ್ಚಿ ಪಿಸುಗುಟ್ಟಬಲ್ಲರು. ಆಕೆ ಸಾವಿರ ಜನರಿಗೆ ತನ್ನ ದುಃಖವನ್ನು ಹೇಳಬೇಕಿತ್ತು.

ಮನೆಯ ಮಗುವಿಗೂ ಇದೇ ನ್ಯಾಯ

ಈ ವಿದ್ಯೆಯಿಂದ ಹಳೆಯ ಕ್ಯಾಸೆಟ್ಟಿಗಷ್ಟೇ ಲಾಭವಲ್ಲ. ಇವತ್ತು ಶಾಲೆಯ ವಾರ್ಷಿಕೋತ್ಸವದಲ್ಲಿ, ಪ್ರತಿಭಾ ಕಾರಂಜಿಯಲ್ಲಿ ಮಗು ಹಾಡಿದ್ದನ್ನು ತಂದೆತಾಯಿ ಮೊಬೈಲಿನಲ್ಲಿ ಹಿಡಿಯುತ್ತಾರೆ. ಮನೆಗೆ ಬಂದು ಕೇಳಿದಾಗ ದನಿ ತೆಳ್ಳಗೆ, ದೂರ. ಪಕ್ಕದಲ್ಲೇ ಸ್ಟುಡಿಯೋದಲ್ಲಿ ತಿದ್ದಿ ತೀಡಿದ, ಸ್ವರ ತಪ್ಪಿದ್ದನ್ನು ಯಂತ್ರವೇ ಸರಿಪಡಿಸಿದ ಹಾಡು ಕೇಳುತ್ತಿದೆ. 'ನಮ್ಮ ಹುಡುಗಿಗೆ ದನಿ ಇಲ್ಲ' ಎಂಬ ತೀರ್ಮಾನಕ್ಕೆ ಬರಲು ಎಷ್ಟು ಹೊತ್ತು? ಮೊಬೈಲು ಕೂಡ ಹಳೆಯ ರೆಕಾರ್ಡರಿನಂತೆ ಸದ್ದನ್ನು ತಾನೇ ಅದುಮುತ್ತದೆ, ತಾನೇ ಎತ್ತುತ್ತದೆ. ಮಗು ಶ್ರುತಿ ಬಿಟ್ಟಿತೇ, ಪದ ಸ್ಪಷ್ಟವಾಗಿತ್ತೇ, ಉಸಿರು ಅರ್ಥವಿರುವ ಜಾಗದಲ್ಲಿ ನಿಂತಿತೇ ಎಂಬುದನ್ನು ಆ ಮುದ್ರಣದಿಂದ ಹೇಳಬಹುದು. ದನಿಯ ಗಾತ್ರ, ಮಾಧುರ್ಯದ ಬಗ್ಗೆ ಅದು ಕೊಡುವ ಸಾಕ್ಷಿ ನಂಬಿಕೆಗೆ ಅರ್ಹವಲ್ಲ. ಸಂಗೀತದ ಪಾಠ ಬಿಡಿಸುವ ಮುನ್ನ ಇದನ್ನು ಯೋಚಿಸುವುದು ಒಳ್ಳೆಯದು.

ಇನ್ನು ಅಟ್ಟದ ಗಂಟಿನ ಮಾತು. ಟೇಪಿಗೆ ಆಯುಸ್ಸು ಕಡಿಮೆ. ಬಿಸಿಲು, ತೇವ, ಬೂಸ್ಟು ಅದನ್ನು ತಿನ್ನುತ್ತವೆ. ನುಡಿಸುವ ಯಂತ್ರಗಳೂ, ರಿಪೇರಿ ಮಾಡುವವರೂ ಅಪರೂಪವಾಗುತ್ತಿದ್ದಾರೆ. ಕಂಪನಿಗಳಲ್ಲಿ ಹಾಡಿದ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಶತಾಯುಷಿ ಏಣಗಿ ಬಾಳಪ್ಪನವರು 2017ರಲ್ಲಿ, ಬಳ್ಳಾರಿಯ ಸುಭದ್ರಮ್ಮ ಮನ್ಸೂರ್ 2020ರಲ್ಲಿ ತೀರಿಕೊಂಡರು. ಹೆಸರಾದವರ ಹಾಡು ಆಕಾಶವಾಣಿಯಲ್ಲೋ ಅಕಾಡೆಮಿಗಳಲ್ಲೋ ಅಷ್ಟಿಷ್ಟು ಉಳಿದೀತು. ಹೆಸರಾಗದ ನೂರಾರು ನಟಿಯರ, ಮಾಸ್ತರರ ದನಿಗೆ ಯಾರದೋ ಟ್ರಂಕಿನ ಕ್ಯಾಸೆಟ್ಟೇ ಕೊನೆಯ ಮನೆ. ಅದನ್ನು ಗುಜರಿಗೆ ಹಾಕಿದ ದಿನ ಆ ದನಿ ಎರಡನೆಯ ಸಲ ಸಾಯುತ್ತದೆ.

ಉಳಿಸುವುದು ಕಷ್ಟವೇನಲ್ಲ. ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಹಲ್ಲುಗಳನ್ನು ಮುರಿದರೆ ಅದರ ಮೇಲೆ ಬೇರೆ ಹಾಡು ಮುದ್ರಣವಾಗುವ ಭಯವಿಲ್ಲ. ಪದೇ ಪದೇ ಹಾಕಿ ಸವೆಸದೆ, ಯಂತ್ರದ ಹೆಡ್ ಒರೆಸಿ, ಒಂದೇ ಸಲ ಕಂಪ್ಯೂಟರಿಗೆ ಇಳಿಸಬೇಕು. ಇಳಿಸುವಾಗ ಕಡತವನ್ನು ಕುಗ್ಗಿಸದೆ ಪೂರ್ಣ ಗಾತ್ರದಲ್ಲಿ ಇಡಬೇಕು. ಗದ್ದಲ ಒರೆಸುವ ಆಸೆಯಿದ್ದರೆ ಇನ್ನೊಂದು ಪ್ರತಿ ಮಾಡಿಕೊಂಡು ಒರೆಸಬಹುದು. ಮೂಲ ಪ್ರತಿಯಲ್ಲಿ ಕೆಮ್ಮು, ಅಳು, ಶಿಳ್ಳೆ ಎಲ್ಲವೂ ಹಾಗೇ ಇರಬೇಕು.

ಆಮೇಲೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹಾಳೆಯಲ್ಲಿ ಬರೆಯಬೇಕು. ಊರು ಯಾವುದು, ಜಾತ್ರೆ ಯಾವುದು, ವರ್ಷ ಯಾವುದು, ಕಂಪನಿ, ನಾಟಕ, ಪಾತ್ರ, ಹಾಡಿದವರ ಹೆಸರು, ರೆಕಾರ್ಡರ್ ಹಿಡಿದು ಎಲ್ಲಿ ಕುಳಿತಿದ್ದರು ಎಂಬುದು. ತಬಲಾ, ಹಾರ್ಮೋನಿಯಂ ನುಡಿಸಿದವರ ಹೆಸರನ್ನು ಸಾಮಾನ್ಯವಾಗಿ ಎಲ್ಲರೂ ಮರೆಯುತ್ತಾರೆ. ತಾತನಿಗೆ ನೆನಪಿದ್ದರೆ ಅವನ್ನೂ ಈಗಲೇ ಕೇಳಿ ಬರೆದುಕೊಳ್ಳಬೇಕು.